ಭದ್ರಾ ಹಿನ್ನೀರು: ಡೇರೆ, ನಡಿಗೆ, ಗಾಳ

ಭದ್ರಾವತಿಯಿಂದ ಶಂಕರಘಟ್ಟದ ಕಡೆಗೆ 20 ಕಿಲೋಮೀಟರ್ ಆಸುಪಾಸು ಸಾಗಿದರೆ ಬಿ.ಆರ್. ಪ್ರಾಜೆಕ್ಟ್ ಸಿಗುತ್ತದೆ. ಸರ್ಕಾರಿ ಕಾಗದದಲ್ಲಿ ಅದು ಭದ್ರಾ ರಿಸರ್ವಾಯರ್ ಪ್ರಾಜೆಕ್ಟ್, ಜನರ ಬಾಯಲ್ಲಿ ಬಿ.ಆರ್.ಪಿ. ಹೊಳೆಯ ಈಚೆಯದು ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲ್ಲೂಕು. ಆಚೆಯ ಲಕ್ಕವಳ್ಳಿ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿಗೆ ಸೇರಿದ್ದು. ಇಲ್ಲಿ ಹೊಳೆಗೆ ಅಡ್ಡಲಾಗಿ ಭದ್ರಾ ಅಣೆಕಟ್ಟು ನಿಂತಿದೆ. ಎತ್ತರ 59 ಮೀಟರ್, ಉದ್ದ 1,708 ಮೀಟರ್. ಸ್ವಾತಂತ್ರ್ಯ ಬಂದ ಕಾಲಕ್ಕೆ ಶುರುವಾದ ಕೆಲಸ 1965ರ ಹೊತ್ತಿಗೆ ಮುಗಿಯಿತು. ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರುಗಳನ್ನು ಹಾದು ಬರುವ ಭದ್ರೆ ಇಲ್ಲಿ ನಡಿಗೆ ನಿಲ್ಲಿಸಿ, ನೂರು ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿಕೊಂಡಿದ್ದಾಳೆ. ನರಸಿಂಹರಾಜಪುರ ತಾಲ್ಲೂಕಿನ ಹಲವು ಹಳ್ಳಿಗಳು ಈ ನೀರಿನ ಕೆಳಗಿವೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ಹಳಿಯ ರೈಲು ಓಡುತ್ತಿತ್ತೆಂದರೆ ಇಂದಿನ ಮಕ್ಕಳು ನಂಬುವುದು ಕಷ್ಟ.

ನೀರು ನಿಂತ ಮೇಲೆ ಅದರ ಪೂರ್ವದ ದಂಡೆಯಲ್ಲಿ ಉಳಿದದ್ದು ಕಾಡು. ಜಾಗರ ಕಣಿವೆಯ ಈ ಕಾಡನ್ನು 1951ರಲ್ಲಿಯೇ ಮೃಗಧಾಮವೆಂದು ಗುರುತಿಸಲಾಗಿತ್ತು. 1974ರಲ್ಲಿ ಅದು ಹಿಗ್ಗಿ ಭದ್ರಾ ವನ್ಯಜೀವಿಧಾಮವಾಯಿತು, 1998ರಲ್ಲಿ ಹುಲಿ ಯೋಜನೆಯೊಳಗೆ ಸೇರಿತು. ಧಾಮದ ವಿಸ್ತೀರ್ಣ 492 ಚದರ ಕಿಲೋಮೀಟರ್. ಸುತ್ತಲಿನ ಅಂಚುವಲಯವನ್ನೂ ಸೇರಿಸಿದರೆ ಹುಲಿ ಸಂರಕ್ಷಿತ ಪ್ರದೇಶ ಸಾವಿರ ಚದರ ಕಿಲೋಮೀಟರನ್ನು ದಾಟುತ್ತದೆ. ಧಾಮದ ಒಳಗಿದ್ದ 11 ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಈ ಶತಮಾನದ ಮೊದಲ ಎರಡು ಮೂರು ವರ್ಷಗಳಲ್ಲಿ ಹೊರಕ್ಕೆ ಬಂದು ನೆಲೆಸಿದವು. ಬಹುಪಾಲು ಕುಟುಂಬಗಳಿಗೆ ಲಕ್ಕವಳ್ಳಿಯ ಬಳಿಯ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಸಿಕ್ಕಿತು. ದೇಶದಲ್ಲಿ ಕಾಡಿನಿಂದ ಜನರನ್ನು ಎತ್ತಿದ ಕಥೆಗಳೆಲ್ಲ ಕಹಿಯೇ ಎನ್ನುವವರು ಕೂಡ ಭದ್ರೆಯ ಉದಾಹರಣೆಯನ್ನು ಸ್ವಲ್ಪ ಬೇರೆಯಾಗಿ ನೋಡುತ್ತಾರೆ. ಕಾಡಿನೊಳಗೆ ಆಸ್ಪತ್ರೆ, ಶಾಲೆ, ರಸ್ತೆ ಇಲ್ಲದೆ, ಬೆಳೆದದ್ದನ್ನು ಆನೆಗೆ ಬಿಟ್ಟುಕೊಟ್ಟು ಬದುಕಿದವರಿಗೆ ಕಾಲುವೆಯ ನೀರು ಸಣ್ಣ ಮಾತಲ್ಲ.

ಕೆರೆ, ಕಾಡು, ಬೆಟ್ಟ ಮೂರೂ ಒಂದೆಡೆ ಇರುವಲ್ಲಿ ಎರಡು ದಿನ ಕಳೆಯಬೇಕೆಂಬ ಆಸೆ ಹೊಸದಲ್ಲ. ಅಮೆರಿಕದಲ್ಲಿ ಇದಕ್ಕೆಂದೇ ರಾಜ್ಯ ಸರ್ಕಾರಗಳು ನಡೆಸುವ ಉದ್ಯಾನಗಳಿವೆ. ನಯಾಗರದ ದಂಡೆಯನ್ನು ನ್ಯೂಯಾರ್ಕ್ ರಾಜ್ಯ 1885ರಲ್ಲಿ ಸಾರ್ವಜನಿಕರಿಗೆಂದು ವಹಿಸಿಕೊಂಡದ್ದು ಅವುಗಳಲ್ಲಿ ಹಳೆಯದು. ಅಲ್ಲಿನ ಸರೋವರದ ಉದ್ಯಾನದಲ್ಲಿ ಡೇರೆಯ ಜಾಗ, ನಡೆಯುವ ದಾರಿ, ಗಾಳ ಹಾಕುವ ಕಟ್ಟೆ ಎಲ್ಲವೂ ಒಂದೇ ಗೇಟಿನ ಒಳಗೆ. ಭದ್ರೆಯಲ್ಲಿ ಹಾಗಿಲ್ಲ. ನೀರು ಕರ್ನಾಟಕ ನೀರಾವರಿ ನಿಗಮದ್ದು, ನೀರಿನೊಳಗಿನ ಮೀನಿನ ಲೆಕ್ಕ ಮೀನುಗಾರಿಕೆ ಇಲಾಖೆಯದು, ದಂಡೆಯ ಕಾಡು ಅರಣ್ಯ ಇಲಾಖೆಯದು. ಕೆರೆ ಒಂದೇ, ಯಜಮಾನರು ಮೂವರು. ಹೋಗುವವರು ಮೊದಲು ತಿಳಿಯಬೇಕಾದದ್ದು ಇದು: ಯಾವ ದಂಡೆಯಲ್ಲಿ ನಿಂತರೆ ಯಾರ ಅಪ್ಪಣೆ ಬೇಕು. ಇದನ್ನು ತಿಳಿಯದೆ ಹೋದವರು ಗೇಟಿನಿಂದ ಗೇಟಿಗೆ ಅಲೆದು, ಸಂಜೆ ಭದ್ರಾವತಿಯ ಹೋಟೆಲಿನಲ್ಲಿ ಕಾಫಿ ಕುಡಿದು ಮನೆಗೆ ಬರುವುದೇ ಹೆಚ್ಚು.

ಯಜಮಾನರು ಮೂವರಾದರೂ ಎಲ್ಲರನ್ನೂ ಆಳುವುದು ನೀರಿನ ಮಟ್ಟ. ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಂಗ್ರಹ 71.5 ಟಿ.ಎಂ.ಸಿ. ಈ 186 ಎಂಬ ಅಂಕಿ ಭದ್ರಾವತಿಯಿಂದ ದಾವಣಗೆರೆಯ ತನಕ ರೈತರ ನಾಲಿಗೆಯ ತುದಿಯಲ್ಲಿದೆ. ಮಳೆಗಾಲದಲ್ಲಿ ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಮೊದಲು ಹುಡುಕುವುದು ಡ್ಯಾಮಿನ ಮಟ್ಟವನ್ನು, ಆಮೇಲೆ ಮಿಕ್ಕ ಸುದ್ದಿ. ಬಲದಂಡೆ ಮತ್ತು ಎಡದಂಡೆ ನಾಲೆಗಳಿಂದ ಲಕ್ಷ ಹೆಕ್ಟೇರಿಗೂ ಮೀರಿ ನೆಲ ತೇವವಾಗುತ್ತದೆ. ಭತ್ತ, ಕಬ್ಬು, ಅಡಿಕೆ, ತೆಂಗು ಎಲ್ಲವೂ ಈ ಅಂಕಿಯನ್ನೇ ನೋಡಿಕೊಂಡಿವೆ.

ಪ್ರವಾಸಿಗನ ಪಂಚಾಂಗವೂ ಇದೇ. ಜೂನ್ ತಿಂಗಳ ಮಳೆಗೆ ಏರತೊಡಗುವ ನೀರು, ಮಳೆ ಚೆನ್ನಾಗಿ ಹಿಡಿದ ವರ್ಷ ಆಗಸ್ಟ್ ಹೊತ್ತಿಗೆ ಕಾಡಿನ ಬುಡ ಮುಟ್ಟುತ್ತದೆ. ಆಗ ದಂಡೆಯೇ ಇರುವುದಿಲ್ಲ. ನೀರು ಮುಗಿದಲ್ಲಿ ಮರ. ನೋಡಲು ಅದ್ಭುತ, ಕಾಲಿಡಲು ಜಾಗವಿಲ್ಲ. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬಿಟ್ಟ ಮೇಲೆ ಫೆಬ್ರುವರಿಯಿಂದ ಮಟ್ಟ ಇಳಿಯುತ್ತ ಬಂದು, ಕೆಂಪು ಮಣ್ಣಿನ ಅಗಲವಾದ ಪಟ್ಟಿಯೊಂದು ಕಾಡಿಗೂ ನೀರಿಗೂ ನಡುವೆ ತೆರೆದುಕೊಳ್ಳುತ್ತದೆ. ಮುಳುಗಿ ಒಣಗಿದ ಹಳೆಯ ಮರಗಳ ಮೋಟುಗಳು ತಲೆ ಎತ್ತುತ್ತವೆ. ತೇವ ಉಳಿದ ಕಡೆ ಎಳೆ ಹುಲ್ಲು ಚಿಗುರುತ್ತದೆ. ಬೇಸಿಗೆಯಲ್ಲಿ ಒಳಕಾಡು ಒಣಗಿ ನಿಂತಾಗ ಆನೆ, ಕಾಟಿ, ಜಿಂಕೆ, ಕಡವೆಗಳು ಈ ಹುಲ್ಲಿಗೆ ಇಳಿದು ಬರುತ್ತವೆ. ಪ್ರಾಣಿ ನೋಡಬೇಕೆನ್ನುವವರಿಗೆ ಮಾರ್ಚಿನಿಂದ ಮೇ, ಹಸಿರು ನೋಡಬೇಕೆನ್ನುವವರಿಗೆ ಅಕ್ಟೋಬರಿನಿಂದ ಡಿಸೆಂಬರ್. ಎರಡನ್ನೂ ಒಟ್ಟಿಗೆ ಕೇಳುವವರಿಗೆ ಭದ್ರೆ ಉತ್ತರ ಕೊಡುವುದಿಲ್ಲ.

ನೀರು ಇಳಿದಾಗ ಜಲಾಶಯದ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳು ಮೇಲೇಳುತ್ತವೆ. ಅವುಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಸಂಸಾರ ಹೂಡುತ್ತವೆ. ಕನ್ನಡದ ಹಕ್ಕಿಗಾರರು ಅದಕ್ಕೆ ನದಿ ರೀವ ಎನ್ನುತ್ತಾರೆ. ಬೂದು ಮೈ, ಕರಿ ಟೊಪ್ಪಿಗೆ ಇಟ್ಟಂಥ ತಲೆ, ಹಳದಿ ಕೊಕ್ಕು, ಕವಲೊಡೆದ ಉದ್ದ ಬಾಲ. ನೀರಿನ ಮೇಲೆ ಹಾರುತ್ತ ಹಾರುತ್ತ ಒಮ್ಮೆಲೆ ತಲೆಕೆಳಗಾಗಿ ಧುಮುಕಿ ಮೀನು ಕಚ್ಚಿಕೊಂಡು ಏಳುವ ರೀತಿಯಿಂದಲೇ ಅದನ್ನು ಗುರುತಿಸಬಹುದು. ಗೂಡು ಎನ್ನುವಂಥ ಗೂಡು ಅದಕ್ಕಿಲ್ಲ. ಮರಳಿನಲ್ಲೋ ಕಲ್ಲುಗಳ ನಡುವೆಯೋ ಒಂದು ಸಣ್ಣ ತಗ್ಗು, ಅದರಲ್ಲಿ ಎರಡು ಮೂರು ಮೊಟ್ಟೆ. ಬಿಸಿಲು ಏರಿದಾಗ ತಾಯಿಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ದೇಶದ ದೊಡ್ಡ ನದಿಗಳಲ್ಲಿ ಮರಳು ತೆಗೆದು, ದಂಡೆ ಕೆಡಿಸಿ ಈ ಹಕ್ಕಿಗೆ ನೆಲೆ ಕಡಿಮೆಯಾಗಿದೆ. ಅದು ಈಗ ಜಗತ್ತಿನ ಅಪಾಯದಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ದಕ್ಷಿಣ ಭಾರತದಲ್ಲಿ ಉಳಿದಿರುವ ಅದರ ದೊಡ್ಡ ಹೆರಿಗೆಮನೆಗಳಲ್ಲಿ ಭದ್ರೆಯ ನಡುಗಡ್ಡೆಗಳೂ ಸೇರಿವೆ.

ವಿಚಿತ್ರವೆಂದರೆ ಈ ಹೆರಿಗೆಮನೆಯನ್ನು ನಡೆಸುತ್ತಿರುವುದು ದಾವಣಗೆರೆ ಸೀಮೆಯ ಭತ್ತ. ಗದ್ದೆಗೆ ನೀರು ಹೋದಷ್ಟೂ ನಡುಗಡ್ಡೆ ದೊಡ್ಡದಾಗುತ್ತದೆ, ಹಕ್ಕಿಗೆ ಜಾಗ ಸಿಗುತ್ತದೆ. ಮರಿಗಳ ರೆಕ್ಕೆ ಬಲಿಯುವ ಮೊದಲೇ ಮೇ ಕೊನೆಯಲ್ಲಿ ಜೋರು ಮಳೆ ಹಿಡಿದು ನೀರು ಏರಿದರೆ ಗೂಡು ಮುಳುಗುತ್ತದೆ. ಮನುಷ್ಯ ತನ್ನ ಬೇಸಾಯಕ್ಕೆಂದು ಮಾಡಿದ ಏರಿಳಿತದೊಳಗೆ ಒಂದು ಹಕ್ಕಿ ತನ್ನ ವರ್ಷವನ್ನು ಹೊಂದಿಸಿಕೊಂಡಿದೆ. ದೋಣಿಯಲ್ಲಿ ಹೋಗುವವರು ನಡುಗಡ್ಡೆಯಿಂದ ದೂರವೇ ಉಳಿಯಬೇಕೆನ್ನುವುದಕ್ಕೆ ಕಾರಣ ಇಷ್ಟೇ: ಹೆದರಿದ ಹಕ್ಕಿ ಮೇಲೆದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಅಷ್ಟರಲ್ಲಿ ಕಾಗೆಯೋ ಹದ್ದೋ ಬಂದಿರುತ್ತದೆ.

ತಂಗುವ ವಿಷಯಕ್ಕೆ ಬಂದರೆ, ಲಕ್ಕವಳ್ಳಿಯ ಕಡೆ ಹಿನ್ನೀರಿನ ಅಂಚಿನಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಡೆಸುವ ತಂಗುದಾಣವಿದೆ. ಹೆಸರೂ ಈ ಹಕ್ಕಿಯದೇ, ರಿವರ್ ಟರ್ನ್ ಲಾಡ್ಜ್. ನೀರಿಗೆ ಎದುರಾದ ಕಾಟೇಜುಗಳಿವೆ; ದೋಣಿ ಸಫಾರಿಗೂ ಜೀಪ್ ಸಫಾರಿಗೂ ಇಲ್ಲಿಂದಲೇ ಹೋಗಬಹುದು. ದರ ಸಾಮಾನ್ಯ ಸಂಸಾರದ ಕೈಗೆ ಸ್ವಲ್ಪ ಭಾರ ಎಂಬ ದೂರು ನ್ಯಾಯವಾದದ್ದೇ. ಧಾಮದ ಇನ್ನೊಂದು ತುದಿಯಲ್ಲಿ, ಚಿಕ್ಕಮಗಳೂರಿನ ಕಡೆಯಿಂದ ಹೋಗುವ ಮುತ್ತೋಡಿಯಲ್ಲಿ, ಸೋಮವಾಹಿನಿ ಹೊಳೆಯ ಬದಿಗೆ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಅದು ಸರಳ; ಕಾಡಿನ ಸದ್ದು ಕೇಳಲು ಹೋದವರಿಗೆ ಅಷ್ಟು ಸಾಕು.

ಸ್ವಂತ ಡೇರೆ ಹೊತ್ತು ಹೋಗಿ ಎಲ್ಲಿ ಬೇಕೆಂದಲ್ಲಿ ಗೂಟ ಹೊಡೆಯುವುದು ಮಾತ್ರ ಧಾಮದ ಒಳಗೆ ಸಾಧ್ಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಕ್ಕೆ ಹೋಗಲು ಪರವಾನಗಿ ಬೇಕು. ಬೆಂಕಿ ಹಾಕುವಂತಿಲ್ಲ, ಆಯುಧ ಒಯ್ಯುವಂತಿಲ್ಲ. ಡೇರೆಯ ಮುಂದೆ ಕ್ಯಾಂಪ್‌ಫೈರ್ ಹಾಕಿ ಹಾಡುವ ಚಿತ್ರವನ್ನು ಸಿನಿಮಾ ನಮ್ಮ ತಲೆಗೆ ತುಂಬಿದೆ. ಆದರೆ ಮಾರ್ಚ್ ತಿಂಗಳಲ್ಲಿ ತರಗೆಲೆಯ ಮೇಲೆ ಬಿದ್ದ ಒಂದು ಕಿಡಿ, ಒಣಗಿ ನಿಂತ ಬಿದಿರು ಮೆಳೆಗೆ ಹತ್ತಿದರೆ ಏನಾಗುತ್ತದೆಂಬುದು ಬೆಂಕಿರೇಖೆ ಕಾಯುವ ವಾಚರುಗಳಿಗೇ ಗೊತ್ತು. ಡೇರೆಯೊಳಗೆ ಮಲಗಲೇಬೇಕೆಂದರೆ ಶಿವಮೊಗ್ಗ ಜಿಲ್ಲೆಯಲ್ಲೇ ಬೇರೊಂದು ಹಿನ್ನೀರಿದೆ. ಸಾಗರ ತಾಲ್ಲೂಕಿನ ಹೊನ್ನೆಮರಡು ಶರಾವತಿಯ ಲಿಂಗನಮಕ್ಕಿ ಹಿನ್ನೀರಿನ ದಂಡೆಯ ಊರು. ತೆಪ್ಪ, ಹರಿಗೋಲು, ಹುಟ್ಟು ಹಾಕುವ ದೋಣಿ, ಈಜು ಮತ್ತು ಡೇರೆವಾಸಕ್ಕೆ ದಶಕಗಳಿಂದ ಹೆಸರಾಗಿದೆ. ಅಲ್ಲಿ ಕೂಡ ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯುವುದು ಹುಚ್ಚುತನ. ಹಿನ್ನೀರು ಮೇಲೆ ನೋಡಲು ಕೊಳದಂತೆ ನಿಶ್ಚಲ. ಕೆಳಗೆ ಮರದ ಮೋಟು, ಹಳೆಯ ಬಾವಿ, ಕೆಸರು. ಹೆಜ್ಜೆಯೊಂದರ ಅಂತರದಲ್ಲಿ ಮೊಣಕಾಲಿನ ನೀರು ಆಳವಾಗುತ್ತದೆ. ಭದ್ರೆಯಲ್ಲಿ ಮೊಸಳೆಯೂ ಇದೆ.

ನಡಿಗೆಗೆ ಬಂದರೆ ಭದ್ರೆ ಧಾರಾಳಿ. ಆದರೆ ಧಾಮದ ಒಳಗೆ ಕಾಲ್ನಡಿಗೆಗೆ ಇಲಾಖೆಯ ಅಪ್ಪಣೆಯೂ ಜೊತೆಗೊಬ್ಬ ಸಿಬ್ಬಂದಿಯೂ ಬೇಕು. ಹುಲಿಗಿಂತಲೂ ಮರಿ ಜೊತೆಗಿರುವ ಆನೆ ಮತ್ತು ಒಂಟಿ ಕಾಟಿ ಹೆಚ್ಚು ಅಪಾಯ ಎಂಬುದು ಕಾಡಿನ ಜೊತೆ ಬದುಕಿದವರ ಅನುಭವ. ತೇಗ, ಬೀಟೆ, ಮತ್ತಿ, ಹೊನ್ನೆ, ನಂದಿ ಮರಗಳ ಈ ಕಾಡಿನಲ್ಲಿ ಜಾಗರದ ಕಡೆ ಮುನ್ನೂರು ವರ್ಷ ದಾಟಿದ್ದೆಂದು ಹೇಳುವ ತೇಗವೊಂದಿದೆ. ಸುತ್ತಳತೆ ಐದು ಮೀಟರ್. ತಬ್ಬಲು ಮೂರು ಜನ ಬೇಕು. ಇಂಥ ಮರ ಉಳಿದದ್ದೇ ಹೆಚ್ಚು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉರಿ ಹಚ್ಚಿದಾಗ ಅದರ ಕುಲುಮೆಗೆ ಕಲ್ಲಿದ್ದಲಿನ ಬದಲು ಇದ್ದಿಲು ಬೇಕಾಗಿತ್ತು, ಇದ್ದಿಲಿಗೆ ಸುತ್ತಲಿನ ಕಾಡಿನ ಸೌದೆ ಬೇಕಾಗಿತ್ತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಬೆಟ್ಟದ ಮೇಲಿನಿಂದ ತೂಗುತೊಟ್ಟಿಲಿನ ಹಗ್ಗದ ದಾರಿಯಲ್ಲಿ ಇಳಿದು. ಆ ಗಣಿ ನಿಂತು ಹೋಗಿದೆ.

ಅದೇ ಕೆಮ್ಮಣ್ಣುಗುಂಡಿ ಈಗ ಧಾಮದ ಅಂಚಿನ ಒಳ್ಳೆಯ ನಡಿಗೆಯ ತಾಣ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಗಿರಿಧಾಮವಿದು. ಎತ್ತರ 1,434 ಮೀಟರ್, ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಭದ್ರಾವತಿಯಿಂದ ತರೀಕೆರೆ, ಲಿಂಗದಹಳ್ಳಿ ಮೇಲೆ ಹೋಗುವ ದಾರಿ. ಅತಿಥಿಗೃಹದಿಂದ ಝಡ್ ಪಾಯಿಂಟಿಗೆ ಹೋಗುವ ಕಾಲುದಾರಿ ಒಂದು ಪಕ್ಕ ಬೆಟ್ಟ, ಒಂದು ಪಕ್ಕ ಕಣಿವೆಯ ನಡುವೆ ಸಾಗುತ್ತದೆ. ಮಂಜು ಕವಿದ ದಿನ ಅಲ್ಲಿ ನೋಡಲು ಏನೂ ಸಿಗುವುದಿಲ್ಲ, ಆದರೂ ಜನ ಖುಷಿಯಿಂದ ಮರಳುತ್ತಾರೆ. ಕೆಳಗೆ ಕಾಫಿತೋಟಗಳ ಆಚೆ ಹೆಬ್ಬೆ ಜಲಪಾತ ಎರಡು ಹಂತವಾಗಿ ಬೀಳುತ್ತದೆ. ಬೂಟು ಗಟ್ಟಿಯಾಗಿದ್ದವರು, ಮಂಡಿ ಸರಿಯಿದ್ದವರು ಹೋಗಬೇಕಾದ ಜಾಗ.

ಮಲೆನಾಡಿನ ನಡಿಗೆಗೆ ಎರಡು ಕಾಟಗಳಿವೆ, ಎರಡಕ್ಕೂ ಕಾಲ ಬೇರೆ. ಮಳೆಗಾಲದ್ದು ಇಂಬಳ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಇಳಿದ ಮೇಲೆಯೇ ಗೊತ್ತಾಗುವುದು. ಹೊಗೆಸೊಪ್ಪು, ಸುಣ್ಣ, ಉಪ್ಪು ಇದಕ್ಕೆ ಹಳ್ಳಿಯವರ ಹಳೆಯ ಮದ್ದು. ಅಸಹ್ಯವೇ ಹೊರತು ಅಪಾಯವಿಲ್ಲ. ಬೇಸಿಗೆಯ ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಜನರಿಗೂ ಜ್ವರ ಬಂದಾಗ ಗುರುತಿಸಿದ ರೋಗ ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರಿನಿಂದಲೇ ಇದೆ. ನಮ್ಮಲ್ಲಿ ಅದು ಮಂಗನ ಕಾಯಿಲೆ. ವೈರಾಣುವನ್ನು ಹೊತ್ತ ಉಣುಗು ಕಚ್ಚಿದರೆ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸುವುದು, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚುವುದು, ತರಗೆಲೆಯ ಮೇಲೆ ಕೂರದಿರುವುದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಬಿಸಿನೀರಿಗೆ ಹಾಕುವುದು: ಇಷ್ಟು ಮಾಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿಬಂದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, ಕಾಡಿಗೆ ಹೋಗಿದ್ದೆವೆಂಬುದು.

ಇನ್ನು ಗಾಳ. ಮಲೆನಾಡಿಗೆ ಮೀನು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಜೂನ್ ತಿಂಗಳ ಮೊದಲ ಜೋರು ಮಳೆಗೆ ಹಳ್ಳಗಳು ಕೆಂಪಾಗಿ ಹರಿದಾಗ, ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಮೀನಿಗೆ ಹತ್ತುಮೀನು ಎನ್ನುತ್ತಾರೆ. ರಾತ್ರಿ ಬ್ಯಾಟರಿ ಹಿಡಿದು, ಕಂಬಳಿ ಕೊಪ್ಪೆ ಹಾಕಿಕೊಂಡು, ಬಲೆ, ಕೂಣಿ, ಕತ್ತಿ ಸಮೇತ ಗದ್ದೆಬಯಲಿಗೆ ಇಳಿಯುವುದು ಹಳ್ಳಿಯ ಗಂಡಸರಿಗೆ ಹಬ್ಬ. ಮನೆಯಲ್ಲಿ ವಾಟೆಹುಳಿ ಹಾಕಿದ ಸಾರು ಕಾಯುತ್ತಿರುತ್ತದೆ. ಹಬ್ಬವೆನ್ನುವುದು ನಿಜ, ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ಹೀಗೆ ಹಿಡಿದರೆ ಮುಂದಿನ ವರ್ಷದ ಮೀನು ಎಲ್ಲಿಂದ ಬರಬೇಕೆಂಬುದೂ ನಿಜ. ಗಾಳದ ಕುಶಲತೆಯೇ ಬೇರೆ. ಬೆಂಡು ಕಟ್ಟಿ, ಎರೆಹುಳು ಚುಚ್ಚಿ, ದಂಡೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಈ ಹವ್ಯಾಸವನ್ನು ಜೀವನವಿಡೀ ಬಿಡಲಿಲ್ಲ. ಮೂಡಿಗೆರೆಯ ಸುತ್ತಲಿನ ಹೊಳೆಗಳ ಮೀನು ಅವರ ಬರಹಗಳ ಒಳಗೂ ಈಜಿದೆ.

ಅಣೆಕಟ್ಟು ಬಂದ ಮೇಲೆ ಭದ್ರೆಯ ಮೀನಿನ ಬದುಕು ಬದಲಾಯಿತು. ಹರಿಯುವ ನೀರಿನ ಮೀನಿಗೆ ಮೇಲೇರುವ ದಾರಿ ಕಟ್ಟಿಹೋಯಿತು. ನಿಂತ ನೀರಿಗೆ ಒಗ್ಗುವ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಇಲಾಖೆ ಬಿಡತೊಡಗಿತು. ಮರಿಗಳನ್ನು ಬೆಳೆಸುವ ಕೇಂದ್ರ ಬಿ.ಆರ್. ಪ್ರಾಜೆಕ್ಟಿನಲ್ಲೇ ಇದೆ, ಜಿಲ್ಲೆಯ ಕೆರೆಗಳಿಗೆ ಮರಿ ಕೊಳ್ಳಲು ಬರುವ ರೈತರು ಅಲ್ಲಿ ಕಾಣಸಿಗುತ್ತಾರೆ. ಶಿವಮೊಗ್ಗದ ಮೀನು ಮಾರುಕಟ್ಟೆಯಲ್ಲಿ ಹೊಳೆಮೀನು ಯಾವುದು, ಕೆರೆಮೀನು ಯಾವುದು ಎಂದು ಕೇಳಿ ಕೊಳ್ಳುವ ಗಿರಾಕಿಗಳು ಇನ್ನೂ ಇದ್ದಾರೆ. ಹೊಳೆಯ ಕುಚ್ಚು, ಬಾಳೆಮೀನು, ಮುರುಗೋಡುಗಳಿಗೆ ದರ ಹೆಚ್ಚು.

ಪ್ರವಾಸಿ ಗಾಳ ಎಲ್ಲಿ ಹಾಕಬಹುದು? ಧಾಮದ ಗಡಿಯೊಳಗೆ ಎಲ್ಲಿಯೂ ಇಲ್ಲ. ಹಿಡಿದು ಮುತ್ತಿಟ್ಟು ಮತ್ತೆ ನೀರಿಗೆ ಬಿಟ್ಟರೆ ತಪ್ಪೇನು ಎಂದು ಕೇಳುವವರುಂಟು. ಕಾವೇರಿ ವನ್ಯಧಾಮದ ಭೀಮೇಶ್ವರಿಯಲ್ಲಿ ಹಾಗೆ ಹಿಡಿದು ಬಿಡುವ ಗಾಳದಾಟ ವರ್ಷಗಟ್ಟಲೆ ನಡೆದು, ದೇಶವಿದೇಶದ ಹವ್ಯಾಸಿಗಳನ್ನು ಸೆಳೆದಿತ್ತು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಹಿಡಿದ 120 ಪೌಂಡಿನ ಮಶೀರ್ ಇಂದಿಗೂ ದಾಖಲೆಯಾಗಿ ಉಳಿದಿದೆ. ಆದರೆ ಧಾಮದೊಳಗಿನ ಜೀವಿಯನ್ನು ಮನರಂಜನೆಗೆ ಹಿಡಿಯುವುದು ಕಾಯ್ದೆಗೆ ಒಪ್ಪದ ಕೆಲಸವೆಂದು ಅದು ನಿಂತಿತು. ಇದರ ಪರಿಣಾಮದ ಬಗ್ಗೆ ಎರಡು ಅಭಿಪ್ರಾಯಗಳಿವೆ. ಗಾಳದವರು ಹೊಳೆಯಲ್ಲಿದ್ದಾಗ ತೋಟೆ ಹಾಕುವವರು ಹೆದರುತ್ತಿದ್ದರು ಎಂಬುದು ಒಂದು ವಾದ, ಅದರಲ್ಲೂ ಹುರುಳಿದೆ. ಧಾಮದ ಹೊರಗಿನ ಜಲಾಶಯದ ಭಾಗದಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ ಪಡೆದ ಮೀನುಗಾರರದು. ಅವರ ಹೊಟ್ಟೆಪಾಡು ಅದು. ಹವ್ಯಾಸಕ್ಕೆ ಹೋಗುವವರು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಬೇಕು. ಮೀನು ಮರಿ ಮಾಡುವ ಮುಂಗಾರಿನ ತಿಂಗಳುಗಳಲ್ಲಿ ಕೇಳುವುದೂ ಬೇಡ. ಸಿಡಿಮದ್ದು, ವಿಷ, ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಯುವುದು ಎಲ್ಲಿಯೂ, ಯಾರಿಗೂ ಇಲ್ಲ. ಸಿಡಿಮದ್ದು ಮತ್ತು ವಿಷದ ಮೇಲಿನ ನಿಷೇಧ 1897ರ ಮೀನುಗಾರಿಕೆ ಕಾಯ್ದೆಯಷ್ಟು ಹಳೆಯದು. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದುದು ಮೀನಿಗೆ ಮತ್ತು ಬರಿಸುತ್ತಿತ್ತು. ಇಂದಿನ ಬ್ಲೀಚಿಂಗ್ ಪೌಡರ್ ಮೀನು, ಮರಿ, ಏಡಿ, ಹುಳು ಒಂದನ್ನೂ ಉಳಿಸುವುದಿಲ್ಲ.

ಗಾಳವಿಲ್ಲದೆಯೂ ದೊಡ್ಡ ಮೀನನ್ನು ಕಣ್ತುಂಬ ನೋಡಬೇಕೆಂಬ ಆಸೆಯಿದ್ದರೆ ಭದ್ರೆಯನ್ನು ಬಿಟ್ಟು ತುಂಗೆಯ ಕಡೆ ತಿರುಗಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿಯ ರಸ್ತೆಯಲ್ಲಿ ಗಾಜನೂರಿನ ಹಿನ್ನೀರು, ಅದರ ದಂಡೆಯ ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆ ಒಂದಾದ ಮೇಲೊಂದು ಸಿಗುತ್ತವೆ. ಆನೆಗಳ ಸ್ನಾನ ನೋಡಲು ಬೆಳಿಗ್ಗೆಯೇ ಹೋಗಬೇಕು, ಮಂಡಗದ್ದೆಗೆ ಮಳೆಗಾಲದಲ್ಲಿ. ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆ ಮತ್ತು ಮೇಲಿನ ಶೃಂಗೇರಿ ಮತ್ಸ್ಯಧಾಮಗಳು. ಶೃಂಗೇರಿಯ ಮೆಟ್ಟಿಲಿನ ಬಳಿ ಮೊಣಕಾಲು ನೀರಿನಲ್ಲಿ ಮೊಳದುದ್ದದ ಮಶೀರುಗಳು ಹಿಂಡುಹಿಂಡಾಗಿ ಸುಳಿಯುತ್ತವೆ, ಹಿಡಿಯುವವರು ಒಬ್ಬರೂ ಇಲ್ಲ. ಅವು ದೇವರ ಮೀನು. ಅಲ್ಲಿಗೆ ಗಾಳ ಬೇಡ, ಒಂದು ಪೊಟ್ಟಣ ಮಂಡಕ್ಕಿ ಸಾಕು.